ಅಜ್ಜನ ಎದೆಯೊಳಗಿನ ಗರಗಸ

ನಮ್ಮ ಮನೆ ಮೇಲೆ, ತೋಟ ಕೆಳಗೆ. ಸಿದ್ದಾಪುರ ಸೀಮೆಯ ಹಳೆಯ ಅಡಿಕೆ ತೋಟಗಳು ಹೆಚ್ಚಾಗಿ ಹೀಗೆಯೇ, ಕಣಿವೆಯ ತಳದಲ್ಲಿ ತಂಪಾಗಿ ಕೂತಿರುತ್ತವೆ. ತೋಟದಿಂದ ಅಂಗಳಕ್ಕೆ ಹತ್ತಿಬರಲು ನಲವತ್ತೆರಡು ಮೆಟ್ಟಿಲು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಹಿಂದೆ ಹೊರೆ ಹೊತ್ತು ಒಂದೇ ಉಸಿರಿಗೆ ಹತ್ತುತ್ತಿದ್ದ ಅಜ್ಜ 1978ರ ಮಳೆಗಾಲ ಮುಗಿಯುವ ಹೊತ್ತಿಗೆ ಇಪ್ಪತ್ತನೆಯ ಮೆಟ್ಟಿಲಲ್ಲಿ ನಿಲ್ಲತೊಡಗಿದ. ದೀಪಾವಳಿ ಕಳೆಯುವಷ್ಟರಲ್ಲಿ ಹತ್ತನೆಯದರಲ್ಲಿ. ಕೇಳಿದರೆ, 'ವಯಸ್ಸಾತು ಮಾರಾಯ' ಅನ್ನುತ್ತಿದ್ದ. ಮನೆಯವರೂ ಹಾಗೇ ಅಂದುಕೊಂಡೆವು. ಆಗ ಅವನಿಗೆ ಎಪ್ಪತ್ತನಾಲ್ಕು.

ಪೇಟೆಯಿಂದ ಬಂದ ಡಾಕ್ಟರು ಎದೆಯ ಬಲಭಾಗಕ್ಕೆ, ಮೇಲಿನಿಂದ ಎರಡನೆಯ ಪಕ್ಕೆಲುಬಿನ ಸಂದಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಕುತ್ತಿಗೆಗೂ ಇಟ್ಟರು. ಬಾಗಿಲ ಬಳಿ ನಿಂತು ನೋಡುತ್ತಿದ್ದ ನನ್ನನ್ನು ಕರೆದು, 'ಬಾ ಮಾಣಿ, ನೀನೂ ಕೇಳು' ಎಂದು ಕೊಳವೆಯನ್ನು ನನ್ನ ಕಿವಿಗೆ ಸಿಕ್ಕಿಸಿದರು. ನಾನು ಲಬ್-ಡಬ್ ಕೇಳುತ್ತದೆ ಅಂದುಕೊಂಡಿದ್ದೆ. ಕೇಳಿದ್ದು ಬೇರೆಯೇ. ದಿಮ್ಮಿಯ ಮೇಲೆ ಗರಗಸ ಎಳೆದ ಹಾಗೆ, ಸಣ್ಣಗೆ ಶುರುವಾಗಿ ನಡುವೆ ಒರಟಾಗಿ ಮತ್ತೆ ಇಳಿಯುವ ಸದ್ದು, ಒಂದೊಂದು ಬಡಿತಕ್ಕೂ ಒಂದೊಂದು ಎಳೆತ. ಡಾಕ್ಟರು ಅಪ್ಪನನ್ನು ಹೊರಗೆ ಕರೆದುಕೊಂಡು ಹೋಗಿ ಹೇಳಿದರು: ಹೃದಯದ ಬಾಗಿಲು ಗಟ್ಟಿಯಾಗಿದೆ, ಔಷಧಿ ಇಲ್ಲ, ಮೆಟ್ಟಿಲು ಹತ್ತಿಸಬೇಡಿ. ಮುಂದಿನ ಮಾಘಮಾಸದ ಒಂದು ಬೆಳಿಗ್ಗೆ, ಬೇಯಿಸಿದ ಅಡಿಕೆ ಹರವಿದ್ದ ಅಟ್ಟದ ಕೆಳಗೆ ಅಜ್ಜ ಕುಸಿದ. ಎತ್ತಿ ಕೂರಿಸುವಷ್ಟರಲ್ಲಿ ಹೋಗಿಬಿಟ್ಟಿದ್ದ.

ನಾನು ಮುಂದೆ ಹಿಡಿದ ಕೆಲಸಕ್ಕೆ ಆ ಸದ್ದೇ ಕಾರಣ ಎಂದು ಈಗಲೂ ನಂಬುತ್ತೇನೆ. ನಾನು ಪರ್ಫ್ಯೂಷನಿಸ್ಟ್. ಹೃದಯ ನಿಲ್ಲಿಸಿ ಆಪರೇಷನ್ ಮಾಡುವಾಗ ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಹೊರಗಿನಿಂದ ಮಾಡುವ ಯಂತ್ರವನ್ನು ನಡೆಸುವವನು. ಥಿಯೇಟರಿನಲ್ಲಿ ಅದನ್ನು ಸುಮ್ಮನೆ 'ಪಂಪ್' ಅನ್ನುತ್ತಾರೆ. 1988ರಿಂದ 2019ರವರೆಗೆ ಆ ಪಂಪಿನ ಮುಂದೆ ಕೂತಿದ್ದೇನೆ. ಈಗ ನಿವೃತ್ತ. ಅಜ್ಜನಿಗೆ ಇಲ್ಲದಿದ್ದ ಚಿಕಿತ್ಸೆ ಎಲ್ಲಿಂದ ಬಂತು, ಯಾರು ಪರೀಕ್ಷಿಸಿದರು, ಎಷ್ಟು ಸಲ ಸೋತರು ಎಂಬುದನ್ನು ಬರೆದಿಡಬೇಕೆಂಬ ಆಸೆ ಬಹಳ ದಿನಗಳದ್ದು.

ಅಜ್ಜನ ಕಾಯಿಲೆಯ ಹೆಸರು ಅಯೋರ್ಟಿಕ್ ಸ್ಟೆನೋಸಿಸ್. ಹೃದಯದ ಎಡ ಕೋಣೆಯಿಂದ ಮಹಾಪಧಮನಿಗೆ ರಕ್ತ ಹೋಗುವ ದಾರಿಯಲ್ಲಿ ಮೂರು ಎಸಳಿನ ಒಂದು ವಾಲ್ವ್ ಇದೆ. ಎಸಳುಗಳು ಈರುಳ್ಳಿಯ ಒಳಪೊರೆಯಷ್ಟು ತೆಳು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತವೆ. ವಯಸ್ಸಾದಂತೆ ಕೆಲವರಲ್ಲಿ ಅವುಗಳ ಮೇಲೆ ಸುಣ್ಣ ಕಟ್ಟುತ್ತದೆ. ಹುಟ್ಟುವಾಗಲೇ ಮೂರರ ಬದಲು ಎರಡು ಎಸಳು ಇರುವವರಲ್ಲಿ ಇನ್ನೂ ಬೇಗ. ನಮ್ಮ ದೇಶದಲ್ಲಿ ಬಾಲ್ಯದ ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರವೂ ವಾಲ್ವುಗಳನ್ನು ಕೆಡಿಸುತ್ತದೆ. ಸರಿಯಾಗಿದ್ದಾಗ ಮೂರು-ನಾಲ್ಕು ಚದರ ಸೆಂಟಿಮೀಟರ್ ತೆರೆಯುವ ಬಾಗಿಲು ಒಂದಕ್ಕಿಂತ ಕಡಿಮೆಯಾದರೆ ಕಾಯಿಲೆ ತೀವ್ರವಾಯಿತೆಂದೇ ಲೆಕ್ಕ. 1968ರಲ್ಲಿ ಅಮೆರಿಕದ ಜಾನ್ ರಾಸ್ ಮತ್ತು ಯೂಜೀನ್ ಬ್ರೌನ್‌ವಾಲ್ಡ್ ಈ ಕಾಯಿಲೆಯ ನಡೆಯನ್ನು ಒಂದು ಗೆರೆಯಲ್ಲಿ ಬರೆದು ತೋರಿಸಿದರು. ಆ ಗೆರೆ ವರ್ಷಗಟ್ಟಲೆ ಸಮತಟ್ಟಾಗಿ ಹೋಗುತ್ತದೆ. ಎದೆನೋವು, ತಲೆಸುತ್ತಿ ಬೀಳುವುದು, ಏದುಸಿರು ಶುರುವಾದ ಕೂಡಲೇ ಬಾವಿಗೆ ಬಿಟ್ಟ ಕೊಡದ ಹಾಗೆ ಇಳಿಯುತ್ತದೆ. ಆಮೇಲೆ ಉಳಿಯುವುದು ಎರಡು-ಮೂರು ವರ್ಷ. ಇಪ್ಪತ್ತನೆಯ ಮೆಟ್ಟಿಲಲ್ಲಿ ನಿಂತ ದಿನವೇ ಅಜ್ಜನ ಗೆರೆ ಇಳಿಯತೊಡಗಿತ್ತು.

ಗಟ್ಟಿಯಾದ ಬಾಗಿಲನ್ನು ಕೈಯಿಂದಲೇ ತೆರೆಯಲು ಹೋದವರಲ್ಲಿ ಮೊದಲಿಗ ಪ್ಯಾರಿಸ್ಸಿನ ಸರ್ಜನ್ ಥಿಯೋಡೋರ್ ಟುಫಿಯೆ. 1912ರಲ್ಲಿ ಅವನು ಮಿಡಿಯುತ್ತಿರುವ ಹೃದಯದ ಮೇಲಿನ ಮಹಾಪಧಮನಿಯ ಗೋಡೆಯನ್ನೇ ಬೆರಳಿನಿಂದ ಒಳಕ್ಕೆ ಒತ್ತಿ ವಾಲ್ವನ್ನು ಹಿಗ್ಗಿಸಿದ. ರೋಗಿ ಬದುಕಿದ. ಅದಾದ ಮೇಲೆ ಸುಮಾರು ನಲವತ್ತು ವರ್ಷ ಈ ವಾಲ್ವಿನ ಮಟ್ಟಿಗೆ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ನಡೆಯಲಿಲ್ಲ. 1952ರಲ್ಲಿ ವಾಷಿಂಗ್ಟನ್ನಿನ ಚಾರ್ಲ್ಸ್ ಹಫ್ನಗೆಲ್ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯೊಳಗೆ ಚೆಂಡೊಂದನ್ನಿಟ್ಟು, ವಾಲ್ವ್ ಸೋರುತ್ತಿದ್ದವರಿಗೆ ಹಾಕಿದ. ಹಾಕಿದ್ದು ವಾಲ್ವಿನ ಜಾಗದಲ್ಲಲ್ಲ, ಇನ್ನೂ ಕೆಳಗೆ, ಎದೆಯ ಹಿಂಬದಿಯಲ್ಲಿ ಇಳಿಯುವ ಮಹಾಪಧಮನಿಯಲ್ಲಿ. ಹೃದಯವನ್ನು ನಿಲ್ಲಿಸಿ ತೆರೆಯುವ ದಾರಿ ಆಗ ಇರಲಿಲ್ಲ. ಮರುವರ್ಷ, 1953ರ ಮೇ ತಿಂಗಳಲ್ಲಿ, ಫಿಲಡೆಲ್ಫಿಯಾದ ಜಾನ್ ಗಿಬ್ಬನ್ ಪಂಪ್ ಬಳಸಿ ಹೃದಯದ ಒಳಗಿನ ತೂತನ್ನು ಹೊಲಿದ. ನಮ್ಮ ಕಸುಬು ಹುಟ್ಟಿದ್ದು ಆವತ್ತು.

1960ರಲ್ಲಿ ಎರಡು ಊರುಗಳಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಬಾಗಿಲು ತೆರೆಯಿತು. ಬಾಸ್ಟನ್ನಿನ ಡ್ವೈಟ್ ಹಾರ್ಕನ್ ಮಾರ್ಚಿನಲ್ಲಿ ಅಯೋರ್ಟಿಕ್ ಜಾಗದಲ್ಲೇ ಪಂಜರದೊಳಗಿನ ಚೆಂಡಿನ ವಾಲ್ವ್ ಕೂರಿಸಿದ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಆಲ್ಬರ್ಟ್ ಸ್ಟಾರ್ ಎಂಬ ತರುಣ ಸರ್ಜನ್‌ನನ್ನು 1958ರಲ್ಲಿ ಹುಡುಕಿಕೊಂಡು ಬಂದವನು ಲೊವೆಲ್ ಎಡ್ವರ್ಡ್ಸ್, ಅರವತ್ತು ವರ್ಷದ ನಿವೃತ್ತ ಎಂಜಿನಿಯರ್. ಅವನಿಗೆ ಇಡೀ ಕೃತಕ ಹೃದಯವನ್ನೇ ಮಾಡುವ ಆಸೆ. ಸ್ಟಾರ್ ಹೇಳಿದ್ದು ಮೊದಲು ಒಂದು ವಾಲ್ವ್ ಮಾಡೋಣ ಎಂದು. ನಾಯಿಗಳಿಗೆ ಹಾಕಿ ನೋಡಿದರು. ರಕ್ತ ಹೆಪ್ಪುಗಟ್ಟಿ ನಾಯಿಗಳು ಸತ್ತವು. ವಿನ್ಯಾಸ ಬದಲಿಸಿದರು, ಮತ್ತೆ ಹಾಕಿದರು. ಎರಡು ವರ್ಷದಲ್ಲಿ ಮನುಷ್ಯರ ಹೃದಯದ ಇನ್ನೊಂದು ವಾಲ್ವಿನ, ಮೈಟ್ರಲ್‌ನ ಜಾಗಕ್ಕೆ ಹಾಕುವಂಥ ವಾಲ್ವ್ ಸಿದ್ಧವಾಯಿತು. ಮೊದಲ ರೋಗಿ ಬದುಕಲಿಲ್ಲ. ಎರಡನೆಯವನು ಹತ್ತು ವರ್ಷ ಬಾಳಿದ.

ಅಲ್ಲಿಂದ ಮುಂದಿನ ಮೂವತ್ತು ವರ್ಷದ ಕಥೆ ಕವಲೊಡೆಯುತ್ತದೆ. ಲಂಡನ್ನಿನ ಡೊನಾಲ್ಡ್ ರಾಸ್ 1962ರಲ್ಲಿ ಸತ್ತವರ ವಾಲ್ವನ್ನು ಬದುಕಿರುವವರಿಗೆ ಜೋಡಿಸಿದರು. ಪ್ಯಾರಿಸ್ಸಿನ ಅಲೆನ್ ಕಾರ್ಪೆಂತಿಯೆ ಹಂದಿಯ ವಾಲ್ವನ್ನು ಗ್ಲುಟರಾಲ್ಡಿಹೈಡಿನಲ್ಲಿ ಹದ ಮಾಡಿ ಬಾಳಿಕೆ ಬರುವಂತೆ ಮಾಡಿದರು. ಚರ್ಮ ಹದ ಮಾಡುವ ಕಸುಬಿಗೆ ಇದು ತೀರ ದೂರದ್ದಲ್ಲ. ಇನ್ನೊಂದು ಕಡೆ ಲೋಹದ ವಾಲ್ವುಗಳು ಚೆಂಡಿನಿಂದ ಓಲುವ ಬಿಲ್ಲೆಗೆ, ಬಿಲ್ಲೆಯಿಂದ 1977ರಲ್ಲಿ ಎರಡು ರೆಕ್ಕೆಯ ಸೇಂಟ್ ಜೂಡ್‌ಗೆ ಬಂದವು.

ನಾನು ಪಂಪಿನ ಮುಂದೆ ಕೂತು ನೋಡಿದ್ದು ಈ ಕಾಲದ ಆಪರೇಷನ್. ಎದೆಯ ಮೂಳೆಯನ್ನು ಉದ್ದಕ್ಕೆ ಸೀಳಬೇಕು. ರಕ್ತವನ್ನು ನನ್ನ ಯಂತ್ರಕ್ಕೆ ಹರಿಸಬೇಕು. ಮಹಾಪಧಮನಿಗೆ ಕ್ಲ್ಯಾಂಪ್ ಬಿದ್ದ ಕೂಡಲೇ ನಾನು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದೆ. ಪೊಟ್ಯಾಸಿಯಂ ಬೆರೆಸಿದ ತಣ್ಣನೆಯ ದ್ರಾವಣ ಒಳಗಿಳಿದಂತೆ ಹೃದಯ ಸುಮ್ಮನಾಗುತ್ತಿತ್ತು. ಆಮೇಲೆ ಸರ್ಜನ್ ಹಳೆಯ ವಾಲ್ವನ್ನು ಕತ್ತರಿಸಿ ತೆಗೆಯುತ್ತಿದ್ದರು. ಕತ್ತರಿಗೆ ಬಗ್ಗದಷ್ಟು ಗಟ್ಟಿ. ಇಕ್ಕುಳದಂಥ ಉಪಕರಣದಿಂದ ಸುಣ್ಣವನ್ನು ಚೂರುಚೂರಾಗಿ ಮುರಿದು ಸ್ಟೀಲ್ ಬಟ್ಟಲಿಗೆ ಹಾಕುವಾಗ ಕಟ್, ಕಟ್ ಎಂಬ ಸದ್ದು. ಒಂದು ಚೂರು ಒಳಗೆ ಬಿದ್ದುಳಿದರೂ ಅದು ಮಿದುಳಿಗೆ ಹೋಗಬಹುದೆಂದು ಸಿಸ್ಟರ್ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಆ ಚೂರುಗಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದ್ದೇನೆ. ನಮ್ಮೂರಿನ ಹೊಳೆದಂಡೆಯಲ್ಲಿ ಸಿಗುವ ಒಡೆದ ಚಿಪ್ಪಿನ ಹಾಗೇ ಇದ್ದವು. ಅಜ್ಜನ ಗರಗಸದ ಹಲ್ಲು ಇವು ಅಂದುಕೊಂಡೆ.

ಹೊಸ ವಾಲ್ವ್ ಬಟ್ಟೆಯ ಉಂಗುರದೊಂದಿಗೆ ಬರುತ್ತದೆ. ಹಸಿರು ಮತ್ತು ಬಿಳಿ ದಾರಗಳನ್ನು ಒಂದು ಬಿಟ್ಟು ಒಂದರಂತೆ ಸುತ್ತಲೂ ಹಾಕಿ, ಎಲ್ಲವನ್ನೂ ಉಂಗುರದಲ್ಲಿ ಪೋಣಿಸಿ, ನೀರಿಗೆ ಕೊಡ ಇಳಿಸಿದ ಹಾಗೆ ವಾಲ್ವನ್ನು ಕೆಳಗಿಳಿಸಿ ಗಂಟು ಬಿಗಿಯುತ್ತಿದ್ದರು. ಪ್ರಾಣಿಯ ಅಂಗಾಂಶದ ವಾಲ್ವಾದರೆ ಮೊದಲು ಸಲೈನಿನ ಬಟ್ಟಲುಗಳಲ್ಲಿ ಜಾಲಾಡಿ ಗ್ಲುಟರಾಲ್ಡಿಹೈಡಿನ ಘಾಟು ದ್ರಾವಣವನ್ನು ತೊಳೆಯಬೇಕು. ಆ ವಾಲ್ವ್ ಹತ್ತು-ಹದಿನೈದು ವರ್ಷಕ್ಕೆ ಸವೆಯುತ್ತದೆ. ಲೋಹದ್ದು ಸವೆಯದು, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ನುಂಗಬೇಕು, ಪದೇಪದೇ ರಕ್ತ ಪರೀಕ್ಷೆ ಮಾಡಿಸಬೇಕು. ಹಳ್ಳಿಯಿಂದ ಬಂದ ಹೆಂಗಸೊಬ್ಬರು 'ಬಸಳೆ ಸೊಪ್ಪು ತಿನ್ನಬಹುದೇ ಸಾರ್?' ಎಂದು ನನ್ನನ್ನೇ ಕೇಳಿದ್ದರು. ಸೊಪ್ಪು ಆ ಮಾತ್ರೆಯ ಬಲ ಕುಗ್ಗಿಸುತ್ತದೆ. ಕರಾವಳಿಯ ಹೆಂಗಸಿಗೆ ಬಸಳೆಯ ಅಳತೆ ಹೇಳುವುದು ಸುಲಭದ ಕೆಲಸವಲ್ಲ.

ಇಲ್ಲಿ ತಿರುವನಂತಪುರದ ವಿಷಯ ಹೇಳಲೇಬೇಕು. ಅಲ್ಲಿಯ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಮೊದಲ ನಿರ್ದೇಶಕ ಡಾ. ಎಂ.ಎಸ್. ವಲಿಯತ್ತಾನ್ ಎಪ್ಪತ್ತರ ದಶಕದಲ್ಲಿ ಒಂದು ನಿರ್ಧಾರ ಮಾಡಿದರು. ವಿದೇಶಿ ವಾಲ್ವಿನ ಬೆಲೆ ನಮ್ಮವರಿಗೆ ಎಟಕುವುದಿಲ್ಲ, ಆದ್ದರಿಂದ ಇಲ್ಲೇ ಮಾಡಬೇಕು. ಸರ್ಜನ್‌ಗಳೂ ಎಂಜಿನಿಯರುಗಳೂ ಒಂದೇ ಸೂರಿನಡಿ ಕೂತು ಓಲುವ ಬಿಲ್ಲೆಯ ವಾಲ್ವ್ ರೂಪಿಸಿದರು. ಹೃದಯ ವರ್ಷಕ್ಕೆ ಮೂರೂವರೆ ಕೋಟಿಗೂ ಹೆಚ್ಚು ಸಲ ಬಡಿಯುತ್ತದೆ. ಹತ್ತು ವರ್ಷದ ಬಾಳಿಕೆ ನೋಡಬೇಕಾದರೆ ಯಂತ್ರದಲ್ಲಿ ವಾಲ್ವನ್ನು ವೇಗವಾಗಿ ಮೂವತ್ತಾರು ಕೋಟಿ ಸಲ ತೆರೆದು ಮುಚ್ಚಿಸಬೇಕು. ಆ ಪರೀಕ್ಷೆಯಲ್ಲಿ ನೀಲಮಣಿಯ ಬಿಲ್ಲೆ ಟೈಟಾನಿಯಂ ಚೌಕಟ್ಟನ್ನು ತಿಂದುಹಾಕಿತು. ಚೌಕಟ್ಟಿಗೆ ಇನ್ನೂ ಗಟ್ಟಿಯಾದ ಮಿಶ್ರಲೋಹ ಹಾಕಿದರು. ಆಗ ಪ್ರಯೋಗದ ಪ್ರಾಣಿಯ ಎದೆಯೊಳಗೆ ನೀಲಮಣಿಯೇ ಒಡೆಯಿತು. ಹೀಗೆ ಒಟ್ಟು ಮೂರು ಮಾದರಿಗಳು ಸೋತವು. ನಾಲ್ಕನೆಯದರಲ್ಲಿ ಬಿಲ್ಲೆಗೆ ಬಳಸಿದ್ದು ಒಂದು ಬಗೆಯ ಪಾಲಿಥಿಲೀನ್, ಮಂಡಿ ಕೀಲು ಬದಲಿಸುವಾಗ ಹಾಕುವ ವಸ್ತುವೇ. ರತ್ನ ಸೋತ ಕಡೆ ಪ್ಲಾಸ್ಟಿಕ್ ಗೆದ್ದಿತು. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಸಲ ಮನುಷ್ಯನ ಎದೆಗೆ ಹಾಕಿದರು. ಟಿಟಿಕೆ ಕಂಪನಿ ತಯಾರಿಸಿದ ಆ ಚಿತ್ರಾ ವಾಲ್ವ್ ಒಂದು ಲಕ್ಷಕ್ಕೂ ಹೆಚ್ಚು ಜನರ ಎದೆ ಸೇರಿದೆ. ವಲಿಯತ್ತಾನ್ ಆಮೇಲೆ ಮಣಿಪಾಲಕ್ಕೆ ಬಂದು ವಿಶ್ವವಿದ್ಯಾಲಯದ ಕುಲಪತಿಯಾದರು, 2024ರ ಜುಲೈಯಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ನಮ್ಮ ದೇಶದಲ್ಲಿ ವೈದ್ಯಕೀಯಕ್ಕೆ ಸಂದ ದೊಡ್ಡ ಕೆಲಸಗಳಲ್ಲಿ ಆ ವಾಲ್ವ್ ಒಂದು ಎಂದೇ ನನ್ನ ತೀರ್ಮಾನ. ದೊಡ್ಡದು ಅನ್ನುವುದು ನಾಲ್ಕನೆಯ ಮಾದರಿ ಗೆದ್ದಿತೆಂದಲ್ಲ. ಮೊದಲ ಮೂರನ್ನು 'ನಡೆದೀತು' ಎಂದು ಯಾರ ಎದೆಗೂ ಹಾಕಲಿಲ್ಲವಲ್ಲ, ಅದಕ್ಕೆ. ಅದೇ ಕಾಲದಲ್ಲಿ ಶ್ರೀಮಂತ ದೇಶಗಳಲ್ಲಿ ಬ್ಯೋರ್ಕ್-ಶೈಲಿ ಎಂಬ ಹೆಸರಿನ ವಾಲ್ವಿನ ಒಂದು ಹೊಸ ಮಾದರಿಯನ್ನು ಸುಮಾರು 86,000 ಜನರಿಗೆ ಹಾಕಿದ ಮೇಲೆ, ಅದರ ಬೆಸುಗೆಯ ಕಂಬಿ ಮುರಿಯುತ್ತದೆಂದು 1986ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು.

ಇಷ್ಟೆಲ್ಲ ಆದರೂ ನನ್ನ ಅಜ್ಜನಂಥವರಿಗೆ ದಾರಿ ಇರಲಿಲ್ಲ. ಎಂಬತ್ತು ದಾಟಿದವರು, ಕಿಡ್ನಿ ಸೋತವರು, ಶ್ವಾಸಕೋಶ ಕೆಟ್ಟವರು ಎದೆ ಸೀಳಿಸಿಕೊಂಡು ನನ್ನ ಪಂಪಿನ ಮೇಲೆ ತಾಳಿಕೊಳ್ಳುವುದು ಕಷ್ಟವಿತ್ತು. 'ಆಪರೇಷನ್‌ಗೆ ಆಗುವುದಿಲ್ಲ' ಎಂದು ಹೇಳಿ ಕಳಿಸುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ.

ಫ್ರಾನ್ಸಿನ ರೂಆನ್ ಪಟ್ಟಣದ ಹೃದ್ರೋಗ ತಜ್ಞ ಅಲೆನ್ ಕ್ರಿಬಿಯೆ ಹಿಡಿದದ್ದು ಇಂಥವರ ಕೈಯನ್ನು. 1985ರಲ್ಲಿ ಅವರು ತೊಡೆಯ ರಕ್ತನಾಳದಿಂದ ಬಲೂನ್ ತೂರಿಸಿ, ಗಟ್ಟಿಯಾದ ವಾಲ್ವನ್ನು ಹಿಗ್ಗಿಸಿದರು. ಹಾಸಿಗೆ ಹಿಡಿದ ಮುದುಕರು ಎದ್ದು ಓಡಾಡಿದರು. ಆದರೆ ತಿಂಗಳುಗಳಲ್ಲೇ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಹಿಗ್ಗಿಸಿದ್ದು ಹಿಗ್ಗಿಯೇ ಉಳಿಯಬೇಕಾದರೆ ಏನು ಮಾಡಬೇಕು? ಲೋಹದ ಜಾಲರಿಯ ಸ್ಟೆಂಟ್ ಇಡಬೇಕು, ಅದರೊಳಗೇ ಹೊಸ ವಾಲ್ವ್ ಹೊಲಿದಿರಬೇಕು. ಇದೇ ಯೋಚನೆ ಡೆನ್ಮಾರ್ಕಿನ ಹೆನಿಂಗ್ ರುಡ್ ಆಂಡರ್ಸನ್‌ಗೂ ಬಂದಿತ್ತು. ಅವರು ತಂತಿಯನ್ನು ಕೈಯಿಂದ ಬಗ್ಗಿಸಿ ಸ್ಟೆಂಟ್ ಮಾಡಿ, ಅದರೊಳಗೆ ಹಂದಿಯ ವಾಲ್ವ್ ಹೊಲಿದು, 1989ರ ಮೇ 1ರಂದು ಹಂದಿಯೊಂದಕ್ಕೆ ಕೂರಿಸಿದ್ದರು. ಅದನ್ನು ಪ್ರಕಟಿಸಲು ಅವರಿಗೆ 1992 ಬರಬೇಕಾಯಿತು.

ಕ್ರಿಬಿಯೆ ತೊಂಬತ್ತರ ದಶಕದ ಮೊದಲಲ್ಲಿ ಶವಾಗಾರಕ್ಕೆ ಹೋದರು. ಇದೇ ಕಾಯಿಲೆಯಿಂದ ಸತ್ತವರ ಹೃದಯದಲ್ಲಿ 23 ಮಿಲಿಮೀಟರ್ ಅಗಲದ ಸ್ಟೆಂಟನ್ನು ಬಲೂನಿನಿಂದ ಅರಳಿಸಿ ನೋಡಿದರು. ಎಳೆದರೆ ಕಿತ್ತು ಬರುತ್ತದೆಯೇ? ಹೃದಯಕ್ಕೇ ರಕ್ತ ಕೊಡುವ ಕೊರೊನರಿ ನಾಳಗಳ ಬಾಯಿ ಮುಚ್ಚುತ್ತದೆಯೇ? ಎರಡೂ ಆಗಲಿಲ್ಲ. ರೋಗಿಯನ್ನು ಕೊಂದ ಆ ಸುಣ್ಣವೇ ಸ್ಟೆಂಟನ್ನು ಗಟ್ಟಿಯಾಗಿ ಕಚ್ಚಿ ಹಿಡಿದಿತ್ತು. ಈ ಸಾಕ್ಷಿ ಹಿಡಿದುಕೊಂಡು ಕಂಪನಿಯಿಂದ ಕಂಪನಿಗೆ ಅಲೆದರೂ ವರ್ಷಗಟ್ಟಲೆ ಯಾರೂ ಒಪ್ಪಲಿಲ್ಲ. ಕೊನೆಗೆ 1999ರಲ್ಲಿ ಕೆಲವರು ಜೊತೆಗೂಡಿ ತಾವೇ ಸಣ್ಣ ಕಂಪನಿ ಕಟ್ಟಿದರು. ಇಸ್ರೇಲಿನ ಎಂಜಿನಿಯರುಗಳು ವಾಲ್ವ್ ಮಾಡಿದರು, ಕುರಿಗಳಲ್ಲಿ ಪರೀಕ್ಷೆ ನಡೆಯಿತು.

2002ರ ಏಪ್ರಿಲ್ 16. ಐವತ್ತೇಳು ವರ್ಷದ ಒಬ್ಬ ರೋಗಿ. ಹೃದಯ ಹೆಚ್ಚುಕಡಿಮೆ ನಿಂತೇಹೋಗುವ ಸ್ಥಿತಿ, ಸರ್ಜನ್‌ಗಳು ಕೈಚೆಲ್ಲಿದ್ದರು. ಕಾಲಿನ ಅಪಧಮನಿಗಳೂ ಕಟ್ಟಿಕೊಂಡಿದ್ದವು. ಅಂದರೆ ಇವರು ಸಿದ್ಧಮಾಡಿಕೊಂಡಿದ್ದ ದಾರಿಯೇ ಇಲ್ಲ. ಕ್ರಿಬಿಯೆ ಅಭಿಧಮನಿಯಿಂದ ಮೇಲೆ ಹೋಗಿ, ಹೃದಯದ ಎರಡು ಮೇಲ್ಕೋಣೆಗಳ ನಡುವಿನ ಗೋಡೆಯನ್ನು ಚುಚ್ಚಿ, ಸುತ್ತುದಾರಿಯಿಂದ ವಾಲ್ವನ್ನು ಮುಟ್ಟಿಸಿದರು. ರೋಗಿಯ ಬಣ್ಣವೇ ಬದಲಾಯಿತು. ಕಾಲಿನ ತೊಂದರೆಯಿಂದ ಅವನು ನಾಲ್ಕು ತಿಂಗಳಲ್ಲಿ ತೀರಿಕೊಂಡ, ಆದರೆ ವಾಲ್ವ್ ಕೈಕೊಟ್ಟಿರಲಿಲ್ಲ. ಈಗ ಎಲ್ಲರೂ ಟಾವಿ ಎಂದು ಕರೆಯುವ ಚಿಕಿತ್ಸೆಯ ಮೊದಲ ದಿನ ಅದು.

ಒಬ್ಬ ರೋಗಿ ಚೇತರಿಸಿಕೊಂಡರೆ ಅದು ಸುದ್ದಿ. ಪುರಾವೆ ಆಗುವುದಿಲ್ಲ. ಪುರಾವೆ ಕೊಟ್ಟದ್ದು ಪಾರ್ಟ್ನರ್ ಎಂಬ ಪರೀಕ್ಷೆಗಳ ಸಾಲು. ಅದರ ಒಂದು ಭಾಗದಲ್ಲಿ ಆಪರೇಷನ್‌ಗೆ ಆಗದ 358 ಜನ. ಚೀಟಿ ಎತ್ತಿದ ಹಾಗೆ ಅರ್ಧ ಜನರಿಗೆ ಹೊಸ ವಾಲ್ವ್, ಉಳಿದರ್ಧಕ್ಕೆ ಮಾಮೂಲಿ ಚಿಕಿತ್ಸೆ. 2010ರಲ್ಲಿ ಫಲಿತಾಂಶ ಬಂತು. ಒಂದು ವರ್ಷದಲ್ಲಿ ಮಾಮೂಲಿ ಚಿಕಿತ್ಸೆಯವರಲ್ಲಿ ನೂರಕ್ಕೆ 50.7 ಜನ ಸತ್ತಿದ್ದರು, ವಾಲ್ವ್ ಪಡೆದವರಲ್ಲಿ 30.7. ಜೊತೆಗೇ ಇನ್ನೊಂದು ಸತ್ಯವನ್ನೂ ಅವರು ಮುಚ್ಚಿಡಲಿಲ್ಲ: ವಾಲ್ವ್ ಹಾಕಿಸಿಕೊಂಡವರಲ್ಲಿ ಪಾರ್ಶ್ವವಾಯು ಹೆಚ್ಚಿತ್ತು. ಆ ಇನ್ನರ್ಧ ಜನರ ಬಗ್ಗೆ ನಾನು ಬಹಳ ಸಲ ಯೋಚಿಸಿದ್ದೇನೆ. ಬೇಕಾದದ್ದು ಸಿಗದಿರಬಹುದೆಂದು ತಿಳಿದೂ ಸಹಿ ಹಾಕಿದ ಮುದುಕರು ಅವರು. ಇವತ್ತು ನಮ್ಮ ಮನೆಯ ಹಿರಿಯರಿಗೆ ಸಿಗುವ ಚಿಕಿತ್ಸೆಯಲ್ಲಿ ಅವರ ಪಾಲಿದೆ.

ಆಮೇಲೆ ಪರೀಕ್ಷೆಗಳು ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚು ಆರೋಗ್ಯವಂತರ ಕಡೆಗೆ ಸಾಗಿದವು. 2019ರಲ್ಲಿ, ಎದೆ ತೆರೆದು ಮಾಡುವ ಆಪರೇಷನ್ನನ್ನು ಆರಾಮವಾಗಿ ತಾಳಿಕೊಳ್ಳಬಲ್ಲ ಸಾವಿರ ಜನರಲ್ಲಿ ಎರಡನ್ನೂ ಹೋಲಿಸಿದರು. ಸಾವು, ಪಾರ್ಶ್ವವಾಯು, ಮತ್ತೆ ಆಸ್ಪತ್ರೆ ಸೇರುವುದು ಮೂರನ್ನೂ ಸೇರಿಸಿ ನೋಡಿದರೆ ಒಂದು ವರ್ಷದಲ್ಲಿ ಟಾವಿಯವರಲ್ಲಿ ನೂರಕ್ಕೆ 8.5, ಆಪರೇಷನ್ ಆದವರಲ್ಲಿ 15.1. ಐದು ವರ್ಷ ಕಳೆದಾಗ ಆ ಅಂತರ ಬಹುಪಾಲು ಕರಗಿ ಎರಡೂ ಸಮಸಮ ಎನ್ನುವಂತಾಗಿತ್ತು.

ನಮ್ಮ ಆಸ್ಪತ್ರೆಗೆ ಟಾವಿ ಬಂದಾಗ ಮೊದಮೊದಲು ನನ್ನನ್ನೂ ಕರೆಯುತ್ತಿದ್ದರು. ಈ ಚಿಕಿತ್ಸೆ ನಡೆಯುವ ಕ್ಯಾಥ್ ಲ್ಯಾಬಿನ ಮೂಲೆಯಲ್ಲಿ ಪಂಪನ್ನು ದ್ರವ ತುಂಬಿಸಿ ಸಿದ್ಧವಾಗಿಟ್ಟು ನಿಂತಿರುತ್ತಿದ್ದೆ. ಏನಾದರೂ ಹೆಚ್ಚುಕಡಿಮೆಯಾದರೆ ಎದೆ ತೆರೆಯಬೇಕಲ್ಲ. ಮೊದಲ ರೋಗಿ ಎಂಬತ್ತೊಂದು ವರ್ಷದ ಅಜ್ಜಿ. ಮರದ ಕಡ್ಡಿಯಷ್ಟು ಸಪೂರ ಜೀವ. ವಾಲ್ವ್ ಸರಿಯಾದ ಜಾಗಕ್ಕೆ ಬಂದ ಕೂಡಲೇ ಪೇಸಿಂಗ್ ಶುರುಮಾಡಿ ಬಡಿತವನ್ನು ನಿಮಿಷಕ್ಕೆ 180ಕ್ಕೆ ಏರಿಸಿದರು. ಪರದೆಯಲ್ಲಿ ರಕ್ತದೊತ್ತಡದ ಅಲೆ ಮಲಗಿಬಿಟ್ಟಿತು. ಹೃದಯ ನಡುಗುತ್ತಿದೆ, ರಕ್ತ ಮುಂದೆ ಹೋಗುತ್ತಿಲ್ಲ. ಬಲೂನ್ ಉಬ್ಬಿತು, ಜಾಲರಿ ಅರಳಿತು, ಬಲೂನ್ ಇಳಿಯಿತು. ಪೇಸಿಂಗ್ ನಿಂತಿತು. ಒಂದು, ಎರಡು, ಮೂರು ಎಣಿಸಿದೆ. ಅಲೆ ಎದ್ದಿತು, ಮೊದಲಿಗಿಂತ ಎತ್ತರಕ್ಕೆ. ನನ್ನ ಕೈ ಪಂಪಿನ ಗುಂಡಿಯ ಮೇಲೇ ಇತ್ತು. ಅದನ್ನು ಒತ್ತಬೇಕಾಗಲಿಲ್ಲ. ಸಂಜೆ ಅಜ್ಜಿ ಗಂಜಿ ಕುಡಿದರೆಂದು ಸಿಸ್ಟರ್ ಬಂದು ಹೇಳಿದಾಗ ನನಗೆ ಕಣ್ಣು ತುಂಬಿತು.

ಹೋಗಹೋಗುತ್ತ ನನ್ನನ್ನು ಕರೆಯುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಸರಳವಾಗುವುದು ಎಂದರೆ ಇದು. ಮೊದಲ ಕಾಲದ ಕೊಳವೆ 24 ಫ್ರೆಂಚ್ ಅಳತೆಯದು, ಎಂದರೆ 8 ಮಿಲಿಮೀಟರ್ ದಪ್ಪ. ಈಗಿನದು 14 ಫ್ರೆಂಚ್, 5 ಮಿಲಿಮೀಟರಿಗೂ ಕಡಿಮೆ. ಮೊದಲು ಪೂರ್ತಿ ಅರಿವಳಿಕೆ ಕೊಡುತ್ತಿದ್ದರು. ಈಗ ತೊಡೆಯ ಬಳಿ ಮರಗಟ್ಟಿಸಿ, ಸ್ವಲ್ಪ ಮಂಪರು ಬರಿಸಿದರೆ ಬಹಳ ಜನರಿಗೆ ಸಾಕು. ವ್ಯಾಂಕೂವರಿನ ವೈದ್ಯರು ಮುಂದೆ ನಿಂತು ನಡೆಸಿದ ಒಂದು ಅಧ್ಯಯನದಲ್ಲಿ, ಆರಿಸಿದ 411 ರೋಗಿಗಳಲ್ಲಿ ನೂರಕ್ಕೆ ಎಂಬತ್ತು ಜನ ಮರುದಿನವೇ ಮನೆಗೆ ಹೋದರು. ಅಲ್ಲಿಯೂ ಯಾರನ್ನು ಬೇಗ ಕಳಿಸಬಹುದು, ಯಾರನ್ನು ಕೂಡದು ಎಂಬುದಕ್ಕೆ ಬಿಗಿಯಾದ ನಿಯಮಗಳಿದ್ದವು. ಅವಸರ ಬೇರೆ, ಸರಳತೆ ಬೇರೆ.

ಎಲ್ಲ ಮುಗಿಯಿತೆಂದಲ್ಲ. ಕೆಲವರಿಗೆ ಟಾವಿಯ ನಂತರ ಪೇಸ್‌ಮೇಕರ್ ಹಾಕಬೇಕಾಗುತ್ತದೆ. ಅಂಚಿನಲ್ಲಿ ಸ್ವಲ್ಪ ಸೋರುವುದುಂಟು. ಐವತ್ತರ ಪ್ರಾಯದವರಿಗೆ ಹಾಕಿದರೆ ಇಪ್ಪತ್ತೈದು ವರ್ಷದ ಮೇಲೆ ಏನಾಗುತ್ತದೆ ಎನ್ನಲು ಈ ಚಿಕಿತ್ಸೆಗೇ ಇನ್ನೂ ಅಷ್ಟು ವಯಸ್ಸಾಗಿಲ್ಲ. ಅಂಥವರಿಗೆ ಎದೆ ತೆರೆದು ಮಾಡುವ ಆಪರೇಷನ್ ಈಗಲೂ ಒಳ್ಳೆಯ ದಾರಿ ಎಂದೇ ನನ್ನ ನಂಬಿಕೆ. ನಮ್ಮ ದೇಶದಲ್ಲಿ ದೊಡ್ಡ ತೊಡಕು ದುಡ್ಡು. ಟಾವಿಯ ಖರ್ಚು ಸಾಮಾನ್ಯ ರೈತ ಕುಟುಂಬವೊಂದು ಜಮೀನು ಮಾರುವಷ್ಟು. ಗುಜರಾತಿನ ವಾಪಿಯ ಮೆರಿಲ್ ಕಂಪನಿಯ ಮೈವಾಲ್ 2018ರಲ್ಲಿ ನಮ್ಮಲ್ಲಿ ಅನುಮತಿ ಪಡೆಯಿತು. ಅಳತೆ ತುಸು ಕಡಿಮೆಯಾದರೂ ಸೋರಬಹುದೆಂದು ಅದನ್ನು ಒಂದೂವರೆ ಮಿಲಿಮೀಟರಿನ ಅಂತರದ ಅಳತೆಗಳಲ್ಲಿ ಮಾಡಿದ್ದಾರೆ. 768 ರೋಗಿಗಳಲ್ಲಿ ಅದನ್ನು ಅಮೆರಿಕದ ಹೆಸರಾಂತ ವಾಲ್ವುಗಳ ಎದುರು ಇಟ್ಟು ನೋಡಿದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ಮೂವತ್ತು ದಿನಗಳ ಲೆಕ್ಕದಲ್ಲಿ ನಮ್ಮದು ಅವುಗಳಿಗೆ ಕಡಿಮೆ ಬೀಳಲಿಲ್ಲ. ಚಿತ್ರಾ ವಾಲ್ವ್ ಸರ್ಕಾರಿ ಸಂಸ್ಥೆಯಲ್ಲಿ ಹುಟ್ಟಿ ಬಡವರ ಕೈಗೆಟಕಿದ ಹಾಗೆ ಇದೂ ಜಿಲ್ಲಾ ಆಸ್ಪತ್ರೆಯ ರೋಗಿಗೆ ಸಿಗುವವರೆಗೆ ಈ ಇತಿಹಾಸದ ಕೆಲಸ ಬಾಕಿಯೇ.

ಆ ನಲವತ್ತೆರಡು ಮೆಟ್ಟಿಲು ಈಗಲೂ ಇವೆ. ಕಳೆದ ವರ್ಷ ನನ್ನ ಚಿಕ್ಕಪ್ಪ, ಎಪ್ಪತ್ತೊಂಬತ್ತು ವರ್ಷ, ಹದಿನೈದನೆಯ ಮೆಟ್ಟಿಲಲ್ಲಿ ನಿಂತು 'ವಯಸ್ಸಾತು' ಅಂದರು. ಮರುದಿನ ಬೆಳಿಗ್ಗೆಯೇ ಅವರನ್ನು ಶಿರಸಿಗೆ ಕರೆದುಕೊಂಡು ಹೋಗಿ ಎಕೋ ಮಾಡಿಸಿದೆ. ನಿಮ್ಮ ಮನೆಯಲ್ಲೂ ಹಿರಿಯರು ನಡುದಾರಿಯಲ್ಲಿ ನಿಲ್ಲತೊಡಗಿದ್ದರೆ, ಏದುಸಿರು ಬಿಡುತ್ತಿದ್ದರೆ, ಕಣ್ಣುಕತ್ತಲೆ ಬಂತು ಅಂದರೆ, ದಯವಿಟ್ಟು ಹತ್ತಿರದ ಡಾಕ್ಟರ ಬಳಿ ಕರೆದೊಯ್ಯಿರಿ, ಎದೆಯ ಬಲಭಾಗಕ್ಕೆ ಸ್ಟೆತಸ್ಕೋಪ್ ಇಡಿಸಿ. ಆ ಸದ್ದು ಕೇಳಲು ಒಂದು ನಿಮಿಷ ಸಾಕು.